ಉತ್ತರದ ಕಡಲಂಚಿನಲ್ಲಿ ಒಂದು ದಿನ

(ಸಂಘದ ತಿಂಗಳ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರವಾಸದ ಅನುಭವವನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿಕೊಂಡಾಗ ನಾನು ಮೊದಲು ಹಿಂಜರಿದೆ. ವಿದೇಶಕ್ಕೆ ಹೋಗಿ ಬಂದವರ ಕಥೆಗಳನ್ನು ಈ ಸಭಾಂಗಣ ಸಾಕಷ್ಟು ಕೇಳಿದೆ. ಅಲ್ಲಿಯ ರಸ್ತೆಗಳ ಸ್ವಚ್ಛತೆ, ರೈಲುಗಳ ಸಮಯಪಾಲನೆ, ಸಾಲಿನಲ್ಲಿ ನಿಲ್ಲುವ ಜನರ ಸಂಯಮ ಇವೆಲ್ಲ ತಮಗೆ ಬಾಯಿಪಾಠವಾಗಿರುವ ಸಂಗತಿಗಳು. ಅವನ್ನು ಮತ್ತೆ ಹೇಳುವ ಉದ್ದೇಶ ನನಗಿಲ್ಲ. ನಾನು ಹೇಳಹೊರಟಿರುವುದು ಒಂದೇ ಒಂದು ದಿನದ ವಿಷಯ. 2022ರ ಡಿಸೆಂಬರ್ ತಿಂಗಳ ಮೂರನೆಯ ವಾರದಲ್ಲಿ, ಉತ್ತರ ಐರ್ಲೆಂಡಿನ ಆಂಟ್ರಿಮ್ ಕೌಂಟಿಯ ಕಡಲಂಚಿನಲ್ಲಿ, ಯಾರ ಜೊತೆಯೂ ಇಲ್ಲದೆ, ಯಾವ ಅವಸರವೂ ಇಲ್ಲದೆ ನಾನು ಅಡ್ಡಾಡಿದ ದಿನ ಅದು. ಆ ದಿನ ನೋಡಿದ್ದು ಕಲ್ಲು ಮತ್ತು ನೀರು ಮಾತ್ರ. ಆದರೆ ಹಿಂತಿರುಗುವಾಗ ನನ್ನ ಮನಸ್ಸಿನಲ್ಲಿದ್ದುದು ಹೊರನಾಡಿನಲ್ಲಿ ಮನೆ ಮಾಡಿರುವ ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ಪ್ರಶ್ನೆ. ಆದಕಾರಣ ಈ ಧೈರ್ಯ.

ನನ್ನ ಮಗಳು ಮತ್ತು ಅಳಿಯ ಬೆಲ್‌ಫಾಸ್ಟ್ ನಗರದಲ್ಲಿ ಉದ್ಯೋಗದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಅಲ್ಲಿಗೆ ಹೋಗಿದ್ದೆವು. ಬಾಣಂತನ ಮಾಡುವುದು ನನ್ನ ಮಡದಿ. ನನ್ನದು ಕೇವಲ ಹಾಜರಿ. ನವೆಂಬರ್ ಕೊನೆಯಲ್ಲಿ ಮೊಮ್ಮಗಳು ಹುಟ್ಟಿದಳು. ಅಲ್ಲಿಯ ಕಾನೂನಿನಂತೆ ಹುಟ್ಟಿದ 42 ದಿನಗಳೊಳಗೆ ಜನನವನ್ನು ನೋಂದಾಯಿಸಬೇಕು. ಮನೆಯಲ್ಲಿ ಹೆಸರಿನ ಚರ್ಚೆ ಆರಂಭವಾಯಿತು. ನನ್ನ ಅತ್ತೆಯವರ, ಅಂದರೆ ಮಗಳ ಅಜ್ಜಿಯ, ಹೆಸರನ್ನು ಇಡಬೇಕೆಂಬುದು ನಮ್ಮ ಆಸೆ. ಆ ಹೆಸರನ್ನು ಇಲ್ಲಿ ಹೇಳುವುದು ಬೇಡ. ಅದರ ನಡುವೆ ಒಂದು ಳಕಾರವಿದೆ ಎಂದರೆ ಸಾಕು. ಮಗಳು, "ಅಪ್ಪಾ, ಈ ಊರಿನಲ್ಲಿ ಯಾರ ಬಾಯಲ್ಲೂ ಅದು ಹೊರಡುವುದಿಲ್ಲ. ಬರೆಯುವುದಕ್ಕೆ ಅಕ್ಷರವೇ ಇಲ್ಲ. ನಾಳೆ ಶಾಲೆಯಲ್ಲಿ ಕಷ್ಟಪಡುವವಳು ಅವಳು, ನೀವಲ್ಲ" ಎಂದಳು. ನಾನು ಏನೋ ಕಟುವಾಗಿ ಉತ್ತರಿಸಿದೆ. ಬಾಣಂತಿಯೊಡನೆ ಆಡಬಾರದ ಮಾತು ಎಂದು ಮಡದಿ ಗದರಿಸಿದಳು. ಮರುದಿನ ಬೆಳಿಗ್ಗೆ, "ಕಲ್ಲು ನೋಡಿಕೊಂಡು ಬರುತ್ತೇನೆ" ಎಂದು ಹೇಳಿ ನಾನು ಮನೆಯಿಂದ ಹೊರಟೆ. ಆಕೆ ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, ತಲೆಗೆ ಮಂಕಿ ಟೋಪಿ ಹಾಕಿಸಿ ಕಳುಹಿಸಿದಳು. ನನ್ನ ಏಕಾಂಗಿ ಪ್ರವಾಸದ ಮೂಲ ಇಷ್ಟೇ.

ಬೆಲ್‌ಫಾಸ್ಟ್‌ನಿಂದ ಕೋಲರೇನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಆ ಕಡಲಂಚು ಇರುವುದು ಉತ್ತರ ಅಕ್ಷಾಂಶ 55 ಡಿಗ್ರಿಗಿಂತ ಸ್ವಲ್ಪ ಮೇಲೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲರ ಸುಮಾರಿಗೆ. ನಾಲ್ಕು ಗಂಟೆಗೆ ಮುಳುಗಿಯೂ ಆಯಿತು. ನಡುಹಗಲಿನಲ್ಲೂ ಅವನು ದಿಗಂತದಿಂದ ಸುಮಾರು ಹನ್ನೊಂದು ಡಿಗ್ರಿಯಷ್ಟು ಮಾತ್ರ ಮೇಲೇರುತ್ತಾನೆ. ಮೂವತ್ತು ವರ್ಷ ನಕ್ಷೆಯ ಕೆಲಸದಲ್ಲಿ ಕಳೆದವನಿಗೆ ಇಂತಹ ಲೆಕ್ಕ ತಾನಾಗಿ ಮನಸ್ಸಿಗೆ ಬರುತ್ತದೆ. ಕೇಂದ್ರ ಸರ್ಕಾರದ ಭೂಮಾಪನದ ಸೇವೆಗೆ ಸೇರುವ ಮೊದಲು ನಾನು ಧಾರವಾಡದಲ್ಲಿ ಭೂವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದೆ. ಹಾಗಾಗಿ ಕಲ್ಲು ನನ್ನ ಹಳೆಯ ಪ್ರೀತಿ, ನಕ್ಷೆ ನನ್ನ ಅನ್ನ.

ಹತ್ತೂವರೆಗೆ ಬಸ್ಸು ನನ್ನನ್ನು ಜಯಂಟ್ಸ್ ಕಾಸ್‌ವೇ ಎಂಬಲ್ಲಿ ಇಳಿಸಿತು. ದೈತ್ಯನ ಕಲ್ಲುಹಾದಿ ಎಂದು ಅದರ ಅರ್ಥ. ಬೇಸಿಗೆಯಲ್ಲಿ ಜನಜಾತ್ರೆ ಸೇರುವ ಆ ಸ್ಥಳದಲ್ಲಿ ಅಂದು ಬೆರಳೆಣಿಕೆಯಷ್ಟು ಮಂದಿ. ಇಳಿಜಾರಿನ ರಸ್ತೆಯಲ್ಲಿ ಸಮುದ್ರದ ಕಡೆಗೆ ನಡೆದೆ. ಗಾಳಿಯ ರಭಸಕ್ಕೆ ಮುಂದಕ್ಕೆ ಬಾಗಿ ನಡೆಯಬೇಕಾಯಿತು. ಐದು ನಿಮಿಷ ಆಲಿಕಲ್ಲು, ಹತ್ತು ನಿಮಿಷ ಬಿಸಿಲು, ಮತ್ತೆ ಮಳೆ, ಆಮೇಲೆ ಕಡಲ ಮೇಲೊಂದು ಕಾಮನಬಿಲ್ಲು. ಒಂದೇ ತಾಸಿನಲ್ಲಿ ಎಲ್ಲ ಋತುಗಳೂ ಬಂದುಹೋದವು.

ಅಲ್ಲಿ ಸುಮಾರು 40,000 ಕಲ್ಲುಕಂಬಗಳು ಒಂದಕ್ಕೊಂದು ಅಂಟಿಕೊಂಡು, ಮೆಟ್ಟಿಲು ಮೆಟ್ಟಿಲಾಗಿ ಸಮುದ್ರದೊಳಕ್ಕೆ ಇಳಿದುಹೋಗಿವೆ. ಹೆಚ್ಚಿನವು ಆರು ಮೂಲೆಯವು. ಐದು, ಏಳು ಮೂಲೆಯವೂ ಉಂಟು. ಶಿಲ್ಪಿಯೊಬ್ಬ ಅಳತೆ ಹಿಡಿದು ಕಡೆದು ನಿಲ್ಲಿಸಿದ ಹಾಗೆ ತೋರುತ್ತವೆ. ಸುಮಾರು ಆರು ಕೋಟಿ ವರ್ಷಗಳ ಹಿಂದೆ, ಉತ್ತರ ಅಟ್ಲಾಂಟಿಕ್ ಸಾಗರ ತೆರೆದುಕೊಳ್ಳುತ್ತಿದ್ದ ಕಾಲದಲ್ಲಿ, ಭೂಮಿಯ ಒಡಲಿನಿಂದ ಉಕ್ಕಿದ ಲಾವಾರಸ ಇಲ್ಲಿ ಹರಿದು ನಿಂತಿತು. ನಿಧಾನವಾಗಿ ತಣಿಯುತ್ತ ಕುಗ್ಗಿತು, ಕುಗ್ಗುತ್ತ ಸೀಳಿತು. ಬೇಸಿಗೆಯಲ್ಲಿ ನಮ್ಮ ಬಳ್ಳಾರಿ ಸೀಮೆಯ ಕೆರೆ ಬತ್ತಿದಾಗ ಅದರ ಅಂಗಳದ ಮಣ್ಣು ಬಿಲ್ಲೆ ಬಿಲ್ಲೆಯಾಗಿ ಒಡೆಯುವುದನ್ನು ತಾವು ನೋಡಿರಬಹುದು. ಇದೂ ಅದೇ ಕ್ರಿಯೆ. ಇಲ್ಲಿ ಸೀಳು ಮೇಲಿನಿಂದ ಆಳಕ್ಕೆ ಇಳಿದದ್ದರಿಂದ ಬಿಲ್ಲೆಗಳ ಬದಲು ಕಂಬಗಳಾದವು. 1986ರಲ್ಲಿ ಯುನೆಸ್ಕೋ ಈ ಸ್ಥಳವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ಕಂಬದ ತಲೆಯ ಮೇಲೆ ಕುಳಿತು ನಾನು ಮಲ್ಪೆಯನ್ನು ನೆನೆದೆ. ವಿದ್ಯಾರ್ಥಿದೆಸೆಯಲ್ಲಿ ಅಧ್ಯಾಪಕರೊಡನೆ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆವು. ಅಲ್ಲಿಯೂ ಇಂತಹವೇ ಕಂಬಗಳು. ಅವು ಇವಕ್ಕಿಂತ ಹಿರಿಯವು. ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಬಿಟ್ಟು ದೂರ ಸರಿದ ಕಾಲಕ್ಕೆ ಸೇರಿದವು, ಸುಮಾರು ಎಂಟೂಮುಕ್ಕಾಲು ಕೋಟಿ ವರ್ಷಗಳ ಹಿಂದಿನವು. ಆ ದ್ವೀಪಕ್ಕೆ ತೋನ್ಸೆಪಾರ್ ಎಂಬ ಸ್ಥಳೀಯ ಹೆಸರಿದೆ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದು ಮೇರಿಮಾತೆಯ ಹೆಸರಿಟ್ಟನೆಂಬ ಐತಿಹ್ಯವಿದೆ. ನಾವು ವಿದ್ಯಾರ್ಥಿಗಳು ವರದಿಯಲ್ಲಿ ಬರೆದದ್ದು ಆ ಎರಡನೆಯ ಹೆಸರನ್ನು ಮಾತ್ರ. ಕಲ್ಲಿನ ವಯಸ್ಸನ್ನು ಕಂಠಪಾಠ ಮಾಡಿದ ನಮ್ಮಲ್ಲಿ ಒಬ್ಬನೂ, ದೋಣಿ ನಡೆಸುತ್ತಿದ್ದವನನ್ನು "ನೀವು ಇದನ್ನು ಏನೆಂದು ಕರೆಯುತ್ತೀರಿ?" ಎಂದು ಕೇಳಲಿಲ್ಲ.

ಕಂಬಗಳ ಹಿಂದಿನ ಬಂಡೆಗೋಡೆಯಲ್ಲಿ, ಕಪ್ಪು ಪದರಗಳ ನಡುವೆ, ಒಂದು ಕೆಂಪು ಪಟ್ಟೆ ಕಾಣುತ್ತದೆ. ಹತ್ತಿರ ಹೋಗಿ ನೋಡಿದರೆ ನಮ್ಮ ಮಂಗಳೂರಿನ ಮುರಕಲ್ಲಿನ ಜಾತಿಯದು! ಒಂದು ಸಲ ಲಾವಾ ಹರಿದ ಮೇಲೆ ಲಕ್ಷಾಂತರ ವರ್ಷ ಬಿಡುವು ಇತ್ತು. ಅಂದು ಅಲ್ಲಿ ಬೆಚ್ಚನೆಯ, ಮಳೆ ಸುರಿಯುವ ಹವೆಯಿತ್ತು. ಆ ಹವೆಯಲ್ಲಿ ಕಲ್ಲು ಕೊಳೆತು ಕೆಂಪು ಮಣ್ಣಾಯಿತು. ಆಲಿಕಲ್ಲು ಬೀಳುತ್ತಿದ್ದ ಆ ಬೆಳಿಗ್ಗೆ, ನಡುಗುವ ಕೈಯಿಂದ ಆ ಕೆಂಪನ್ನು ಮುಟ್ಟಿದಾಗ ಊರಿನವರನ್ನು ಕಂಡಂತಾಯಿತು.

ಈ ಸ್ಥಳಕ್ಕೆ ಒಂದು ಕಥೆಯಿದೆ. ಫಿನ್ ಮೆಕೂಲ್ ಎಂಬ ಐರಿಷ್ ದೈತ್ಯ, ಕಡಲಾಚೆಯ ಸ್ಕಾಟ್ಲೆಂಡಿನ ದೈತ್ಯ ಬೆನಂಡಾನರ್‌ನೊಡನೆ ಕಾದಾಡಲು ಈ ಹಾದಿಯನ್ನು ಕಟ್ಟಿದನಂತೆ. ಎದುರಾಳಿ ತನಗಿಂತ ಬಹಳ ದೊಡ್ಡವನೆಂದು ತಿಳಿದಾಗ ಮನೆಗೆ ಓಡಿಬಂದ. ಜಾಣೆಯಾದ ಹೆಂಡತಿ ಗಂಡನಿಗೆ ಕುಲಾವಿ ತೊಡಿಸಿ ತೊಟ್ಟಿಲಿನಲ್ಲಿ ಮಲಗಿಸಿದಳು. ಬಂದ ಬೆನಂಡಾನರ್ ತೊಟ್ಟಿಲಿನ ಕೂಸಿನ ಗಾತ್ರ ನೋಡಿ, ಕೂಸೇ ಇಷ್ಟಿದ್ದರೆ ಅಪ್ಪ ಎಷ್ಟಿರಬೇಕು ಎಂದು ಹೆದರಿ, ಹಾದಿಯನ್ನು ಕಿತ್ತುಹಾಕುತ್ತ ಓಡಿದನಂತೆ. ಆಚೆ ಸ್ಕಾಟ್ಲೆಂಡಿನ ಸ್ಟಾಫಾ ದ್ವೀಪದಲ್ಲಿಯೂ ಇಂತಹವೇ ಕಂಬಗಳಿವೆ. ಎರಡು ದಡಗಳ ಕಲ್ಲು ಒಂದೇ ಎಂದು ಭೂವಿಜ್ಞಾನಿಗಳು ಹೇಳುವುದಕ್ಕೆ ಮೊದಲೇ ಕಥೆ ಕಟ್ಟಿದವರು ಗಮನಿಸಿದ್ದರು.

ಕುರುಬರ ಮೆಟ್ಟಿಲು ಎಂಬರ್ಥದ ಹೆಸರಿನ ಮೆಟ್ಟಿಲುಗಳನ್ನು ಹತ್ತಿ ಬಂಡೆಯ ನೆತ್ತಿಗೆ ಬಂದೆ. 162 ಮೆಟ್ಟಿಲುಗಳು, ಎರಡು ಕಡೆ ಕುಳಿತು ಉಸಿರು ತೆಗೆದುಕೊಂಡೆ. ಮೇಲೆ ಬೇಲಿಯ ಬದಿಯಲ್ಲಿ, ಹುಲ್ಲುಗಾವಲಿಗೂ ಪ್ರಪಾತಕ್ಕೂ ನಡುವೆ, ಕಾಲುದಾರಿಯೊಂದು ಪೂರ್ವಕ್ಕೆ ಹೋಗುತ್ತದೆ. ಕಡಲು ಬಂಡೆಯನ್ನು ಕೊರೆದು ಒಂದರ ಪಕ್ಕ ಒಂದರಂತೆ ಕೊಲ್ಲಿಗಳನ್ನು ಮಾಡಿದೆ. ಉತ್ತರಕ್ಕೆ ಮುಖ ಮಾಡಿರುವ ಆ ಕೊಲ್ಲಿಗಳ ತಳಕ್ಕೆ ಚಳಿಗಾಲದಲ್ಲಿ ಬಿಸಿಲು ಬೀಳುವುದೇ ಇಲ್ಲ. ಮೇಲೆ ಹುಲ್ಲು ಹೊಳೆಯುತ್ತಿರುತ್ತದೆ, ಕೆಳಗೆ ನೀರು ಕಾಡಿಗೆಯಂತೆ ಕಪ್ಪು. ಪಶ್ಚಿಮದಲ್ಲಿ ಡೋನೆಗಾಲ್‌ನ ಬೆಟ್ಟಗಳು, ಈಶಾನ್ಯದಲ್ಲಿ ಮಸುಕಾಗಿ ಸ್ಕಾಟ್ಲೆಂಡಿನ ದ್ವೀಪಗಳು.

ಪಶ್ಚಿಮದ ಆ ಬೆಟ್ಟಗಳ ಈಚೆಗೆ ಲಾಖ್ ಫಾಯ್ಲ್ ಎಂಬ ಹಿನ್ನೀರಿದೆ. ಅದರ ದಂಡೆಯ ಮೇಲೆ 1827 ಮತ್ತು 1828ರಲ್ಲಿ ಥಾಮಸ್ ಕಾಲ್ಬಿ ಎಂಬ ಸೈನ್ಯಾಧಿಕಾರಿ ಸುಮಾರು ಎಂಟು ಮೈಲಿ ಉದ್ದದ ಆಧಾರರೇಖೆಯೊಂದನ್ನು ಅಳೆದ. ಐರ್ಲೆಂಡಿನ ನಕ್ಷೆಗೆಲ್ಲ ಅದೇ ತಳಹದಿ. ಬಿಸಿಲಿಗೆ ಲೋಹದ ಅಳತೆಗೋಲು ಹಿಗ್ಗುವುದರಿಂದ ಲೆಕ್ಕ ತಪ್ಪುತ್ತದೆ. ಅದಕ್ಕೆ ಆತ ಹಿತ್ತಾಳೆ ಮತ್ತು ಕಬ್ಬಿಣದ ಸರಳುಗಳನ್ನು ಜೋಡಿಸಿ, ಒಂದರ ಹಿಗ್ಗನ್ನು ಇನ್ನೊಂದರಿಂದ ಸರಿದೂಗಿಸುವ ಉಪಕರಣವನ್ನು ರೂಪಿಸಿದ. ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದ ಜಾರ್ಜ್ ಎವರೆಸ್ಟ್ 1829ರಲ್ಲಿ ಐರ್ಲೆಂಡಿಗೆ ಹೋಗಿ ಈ ಕೆಲಸವನ್ನು ನೋಡಿ ಬಂದ. ಅಂತಹ ಸರಳುಗಳನ್ನು ಭಾರತಕ್ಕೆ ತರಿಸಿದ. ಅವುಗಳಿಂದಲೇ 1841ರಲ್ಲಿ ನಮ್ಮ ಬೀದರಿನಲ್ಲಿ ಒಂದು ಆಧಾರರೇಖೆಯನ್ನು ಅಳೆದರು. ಬೀದರಿನ ಕೆಂಪು ನೆಲಕ್ಕೂ ಆ ಹಸಿ ಕಡಲಂಚಿಗೂ ಇರುವ ಈ ನಂಟನ್ನು ನಮ್ಮ ತರಬೇತಿಯಲ್ಲಿ ಓದಿದ್ದೆ. ಕಣ್ಣಾರೆ ಆ ದಿಕ್ಕನ್ನು ನೋಡಿದ್ದು ಅಂದೇ.

ಆದರೆ ಕಾಲ್ಬಿಯವರ ಭೂಮಾಪನ ಅಳೆದದ್ದು ನೆಲವನ್ನಷ್ಟೇ ಅಲ್ಲ; ಹೆಸರುಗಳನ್ನೂ ಬರೆದುಕೊಂಡಿತು. ಅಂದು ದೇಶದ ಬಹು ಭಾಗದಲ್ಲಿ ಜನರ ಮಾತು ಐರಿಷ್. ನಕ್ಷೆಯ ಭಾಷೆ ಇಂಗ್ಲಿಷ್. ಜಾನ್ ಓಡೊನವನ್ ಎಂಬ ವಿದ್ವಾಂಸನನ್ನು 1830ರಲ್ಲಿ ನೇಮಿಸಿ, ಊರೂರಿನ ಹಿರಿಯರನ್ನು ಕೇಳಿ, ಹಳೆಯ ಹಸ್ತಪ್ರತಿಗಳೊಡನೆ ಹೋಲಿಸಿ ಹೆಸರುಗಳನ್ನು ನಿರ್ಣಯಿಸುವ ಹೊಣೆಯನ್ನು ವಹಿಸಿದರು. ಆತ ಶ್ರದ್ಧೆಯಿಂದ ದುಡಿದ. ಆದರೂ ಕೊನೆಗೆ ನಕ್ಷೆಯ ಮೇಲೆ ಬಿದ್ದದ್ದು ಇಂಗ್ಲಿಷ್ ಕಿವಿಗೆ ಕೇಳಿಸಿದ ರೂಪ. ಈ ವಿಷಯವನ್ನೇ ಇಟ್ಟುಕೊಂಡು ಬ್ರಯನ್ ಫ್ರೀಲ್ ಬರೆದ 'ಟ್ರಾನ್ಸ್‌ಲೇಷನ್ಸ್' ನಾಟಕ 1980ರಲ್ಲಿ ಡೆರಿ ನಗರದಲ್ಲಿ ಮೊದಲ ಪ್ರಯೋಗ ಕಂಡಿತು. ಆ ನಗರಕ್ಕೇ ಒಂದು ಪಂಗಡದವರು ಡೆರಿ ಎನ್ನುತ್ತಾರೆ, ಇನ್ನೊಂದು ಪಂಗಡದವರು ಲಂಡನ್‌ಡೆರಿ ಎನ್ನುತ್ತಾರೆ. ನೀವು ಯಾವ ಹೆಸರನ್ನು ಬಳಸುತ್ತೀರಿ ಎಂಬುದರಿಂದ ನೀವು ಯಾವ ಕಡೆಯವರೆಂದು ತಿಳಿಯುತ್ತಿದ್ದ ಕಾಲವಿತ್ತು. 1998ರ ಏಪ್ರಿಲ್ 10ರ ಒಪ್ಪಂದಕ್ಕೆ ಮೊದಲಿನ ಮೂವತ್ತು ವರ್ಷಗಳ ಕಲಹದಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ಕಲಹಕ್ಕೆ ಭಾಷೆಯೊಂದೇ ಕಾರಣವಲ್ಲ. ಆದರೆ ಹೆಸರುಗಳು ಎಂತಹ ಭಾರವನ್ನು ಹೊರಬಲ್ಲವು ಎಂಬುದು ಅಲ್ಲಿ ಸ್ಪಷ್ಟ.

ಒಂದು ಗಂಟೆಯ ಹೊತ್ತಿಗೆ ಲಕಾಡಾ ಎಂಬ ಕಲ್ಲಿನ ಮೂಗು ಸಮುದ್ರಕ್ಕೆ ಚಾಚಿದ ಸ್ಥಳದ ಮೇಲ್ಭಾಗಕ್ಕೆ ಬಂದೆ. ಅದರ ಪಕ್ಕದ ಕೊಲ್ಲಿಯ ಹೆಸರು ಪೋರ್ಟ್ ನ ಸ್ಪೇನಿಯ. ಬೆನ್ನಿಗೆ ಗಾಳಿ ತಾಗದ ಒಂದು ತಗ್ಗು ಹುಡುಕಿ ಬುತ್ತಿ ಬಿಚ್ಚಿದೆ. ಆಗ ನಾಯಿಯೊಡನೆ ನಡೆದು ಬರುತ್ತಿದ್ದ ವೃದ್ಧರೊಬ್ಬರು ನಿಂತು ಮಾತನಾಡಿಸಿದರು. ಹತ್ತಿರದಲ್ಲೇ ಅವರ ಕುರಿ ಸಾಕಣೆಯ ಜಮೀನು. ಚಪಾತಿಯ ತುಂಡನ್ನು ಸಂಕೋಚವಿಲ್ಲದೆ ತೆಗೆದುಕೊಂಡರು. ಶೇಂಗಾ ಹಿಂಡಿ ಅವರ ಕಣ್ಣಲ್ಲಿ ನೀರು ತರಿಸಿತು. ಕೊಲ್ಲಿಯ ಹೆಸರಿನ ಅರ್ಥವೇನೆಂದು ನಾನು ಕೇಳಿದೆ.

"ಸ್ಪೇನ್‌ನವರ ಬಂದರು. ಅಷ್ಟು ಇಲ್ಲಿ ಎಲ್ಲರಿಗೂ ಗೊತ್ತು."

"ಅದರಾಚೆಯ ಕೊಲ್ಲಿಗೆ?"

ಅವರು ಹೆಸರು ಹೇಳಿದರು. ಅರ್ಥ ಕೇಳಿದಾಗ ತಲೆಯಾಡಿಸಿದರು. "ನನ್ನ ಅಜ್ಜಿಯ ತಾಯಿಗೆ ಗೊತ್ತಿತ್ತಂತೆ. ನನ್ನವರೆಗೆ ಬಂದದ್ದು ಹೆಸರುಗಳು ಮಾತ್ರ. ಮಾತು ಬರಲಿಲ್ಲ" ಎಂದರು. ದುಃಖದಿಂದ ಹೇಳಿದ ಮಾತಲ್ಲ ಅದು. ಕುರಿಗಳ ಲೆಕ್ಕ ಹೇಳಿದಂತೆ ಹೇಳಿ, ನಾಯಿಯನ್ನು ಕರೆದು ಮುಂದಕ್ಕೆ ಹೋದರು. ಆ ಕೌಂಟಿಯ ಕಣಿವೆಗಳಲ್ಲಿ ಮತ್ತು ಎದುರಿನ ರಾಥ್ಲಿನ್ ದ್ವೀಪದಲ್ಲಿ ಐರಿಷನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯ ಜನ 1980ರ ದಶಕದಲ್ಲಿ ತೀರಿಕೊಂಡರು. ಇತಿಹಾಸದ ಪುಟಗಳಲ್ಲಿ ಇದು ನಿನ್ನೆಯ ಮಾತು. ನಾನು ಕಾಲೇಜಿನಲ್ಲಿದ್ದ ಕಾಲ ಅದು.

ಆ ಕೊಲ್ಲಿಯ ಹೆಸರಿನ ಹಿಂದೆ ಒಂದು ಚರಿತ್ರೆಯಿದೆ. 1588ರಲ್ಲಿ ಸ್ಪೇನಿನ ದೊರೆ ಇಂಗ್ಲೆಂಡಿನ ಮೇಲೆ ಕಳುಹಿಸಿದ ನೌಕಾಪಡೆ ಸೋತು, ಸ್ಕಾಟ್ಲೆಂಡ್ ಮತ್ತು ಐರ್ಲೆಂಡುಗಳನ್ನು ಸುತ್ತಿ ಹಿಂತಿರುಗುತ್ತಿತ್ತು. ಹಲವು ಹಡಗುಗಳು ಬಿರುಗಾಳಿಗೆ ಸಿಕ್ಕಿ ಒಡೆದವು. ಹಾಗೆ ಒಡೆದ ಬೇರೆ ಹಡಗುಗಳ ಜನರನ್ನೂ ತುಂಬಿಕೊಂಡು ಸುಮಾರು 1,300 ಮಂದಿಯೊಡನೆ ಹೊರಟಿದ್ದ ಹಿರೋನ ಎಂಬ ಹಡಗು, ಅಕ್ಟೋಬರ್ ತಿಂಗಳ ಒಂದು ರಾತ್ರಿ ಈ ಲಕಾಡಾ ಮೂಗಿಗೆ ಬಡಿದು ಚೂರಾಯಿತು. ಬದುಕಿದವರು ಹತ್ತಕ್ಕಿಂತ ಕಡಿಮೆ. ಆಮೇಲೆ ಶತಮಾನಗಳು ಕಳೆದವು. ಹಡಗು ಎಲ್ಲಿ ಮುಳುಗಿತೆಂಬುದು ವಿದ್ವಾಂಸರಿಗೆ ಮರೆತುಹೋಯಿತು. ಹುಡುಕಿದವರು ಬೇರೆ ಬೇರೆ ಕಡೆ ಹುಡುಕಿದರು. ಬೆಲ್ಜಿಯಮ್ಮಿನ ಮುಳುಗುಗಾರ ರೊಬೇರ್ ಸ್ಟೆನ್ಯುಯಿ ದಾಖಲೆಗಳನ್ನೆಲ್ಲ ಓದಿ, ಕೊನೆಗೆ ಭೂಮಾಪನದ ನಕ್ಷೆಯನ್ನು ಹರಡಿಕೊಂಡು ಹೆಸರುಗಳನ್ನು ನೋಡಿದ. ಸ್ಪೇನ್‌ನವರ ಬಂದರು, ಸ್ಪೇನ್‌ನವರ ಬಂಡೆ, ಸ್ಪೇನ್‌ನವರ ಗುಹೆ. ಇಲ್ಲಿ ಸ್ಪೇನ್‌ನವರಿಗೇನು ಕೆಲಸವಿತ್ತು ಎಂದು ಯೋಚಿಸಿ, 1967ರಲ್ಲಿ ಅಲ್ಲಿಯೇ ನೀರಿಗಿಳಿದ. ಹಡಗು ಅಲ್ಲಿಯೇ ಇತ್ತು. ಮೇಲೆ ಬಂದ ಚಿನ್ನದ ಸರಗಳನ್ನೂ, ಮಾಣಿಕ್ಯ ಕೂಡಿಸಿದ ಹಲ್ಲಿಯಾಕಾರದ ಪದಕವನ್ನೂ ಹಿಂದಿನ ವಾರವಷ್ಟೇ ನಾನು ಬೆಲ್‌ಫಾಸ್ಟ್‌ನ ಅಲ್ಸ್‌ಟರ್ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ನೋಡಿದ್ದೆ.

379 ವರ್ಷ ಆ ಸಾವುಗಳ ಗುರುತನ್ನು ಕಾಪಾಡಿದ್ದು ಗ್ರಂಥಗಳಿಗಿಂತ ಮೀನುಗಾರರು ಬಾಯಿಂದ ಬಾಯಿಗೆ ದಾಟಿಸಿದ ಹೆಸರು. ಅದನ್ನು ಕೇಳಿ ಬರೆದುಕೊಂಡ ಯಾವನೋ ಭೂಮಾಪಕ. ಆತ ಒಂದು ಅಕ್ಷರ ತಪ್ಪಿದ್ದರೆ? ಈ ಪ್ರಶ್ನೆ ಮನಸ್ಸಿಗೆ ಬಂದ ಕೂಡಲೇ ನನ್ನ ಕೈಯಲ್ಲಿದ್ದ ತುತ್ತು ಅಲ್ಲಿಯೇ ನಿಂತಿತು.

ಬಂಧುಗಳೆ, ಇದುವರೆಗೆ ಯಾರಿಗೂ ಹೇಳದ ಒಂದು ವಿಷಯವನ್ನು ಈಗ ಹೇಳುತ್ತೇನೆ. 1994ರಲ್ಲಿ ಕರ್ನಾಟಕ ಮತ್ತು ಆಂಧ್ರದ ಗಡಿಯ ಒಣಭೂಮಿಯಲ್ಲಿ ನಕ್ಷೆಯ ಪರಿಷ್ಕರಣೆಗೆ ನನ್ನನ್ನು ಕಳುಹಿಸಿದ್ದರು. ಕನ್ನಡ ಬಲ್ಲವನೆಂದೇ ನನ್ನನ್ನು ಆರಿಸಿದ್ದು. ಒಂದು ಹಳ್ಳಿಯ ಹೊರಗೆ ಬೇವಿನ ಮರದ ಕೆಳಗೆ ಹಳೆಯ ಕಲ್ಲುಕಟ್ಟೆ ಇತ್ತು. ಹೆಸರೇನೆಂದು ಕೇಳಿದಾಗ ಮುದುಕಿಯೊಬ್ಬಳು, "ಗಂಜಿಕಟ್ಟಿ ಅಂತಾರಪ್ಪ. ಧಾತು ಈಶ್ವರದ ಬರದಾಗ ಇಲ್ಲೇ ಗಂಜಿ ಕಾಸಿ ಹಾಕ್ತಿದ್ರಂತ. ಕುಡದವ್ರು ಬದುಕಿದ್ರು, ತಡವಾಗಿ ಬಂದವ್ರು ಇಲ್ಲೇ ಹ್ವಾದ್ರು. ನಮ್ಮ ಮುತ್ತಜ್ಜಿ ಹೇಳ್ತಿದ್ಳು" ಎಂದಳು. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಆ ಬರದ ನೆನಪು ಅಲ್ಲಿ ಎರಡು ಪದಗಳಲ್ಲಿ ಉಳಿದಿತ್ತು. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡೆ. ನನ್ನ ಕೈಬರಹದಲ್ಲಿ ಜೆ ಅಕ್ಷರವೂ ಜಿ ಅಕ್ಷರವೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಅಂತಿಮ ಪ್ರತಿ ತಯಾರಿಸಿದವನಿಗೆ ಕನ್ನಡ ಬಾರದು, ಅವನ ತಪ್ಪಿಲ್ಲ. ಕರಡು ಹಾಳೆ ನನ್ನ ಮೇಜಿಗೆ ಬಂತು. ನೂರಾರು ಹೆಸರುಗಳಿದ್ದವು. ನಾನು ಓದದೆ ಸಹಿ ಮಾಡಿದೆ. ಗಂಜಿಕಟ್ಟೆ ಗಂಗಿಕಟ್ಟೆಯಾಗಿ ಅಚ್ಚಾಯಿತು.

ಅಚ್ಚಾದ ಮೇಲೆ ನೋಡಿದೆ. ಒಂದು ಅಕ್ಷರ, ಒಂದು ಪುಟ್ಟ ಕಟ್ಟೆ, ಯಾರಿಗೇನು ನಷ್ಟ ಎಂದುಕೊಂಡು ಸುಮ್ಮನಾದೆ. 2015ರಲ್ಲಿ ಬೇರೆ ಕೆಲಸದ ಮೇಲೆ ಅದೇ ಹಳ್ಳಿಗೆ ಹೋಗಬೇಕಾಯಿತು. ಕಟ್ಟೆಗೆ ಸಿಮೆಂಟು ಮೆತ್ತಿದ್ದರು. ಮೇಲೆ ಗಂಗಮ್ಮನ ಪುಟ್ಟ ಗುಡಿ. "ಹಿಂದಿನಿಂದಲೂ ಗಂಗಮ್ಮನ ಸ್ಥಳ ಸರ್, ನಕ್ಷೆಯಲ್ಲೂ ಇದೆ ನೋಡಿ" ಎಂದು ಯುವಕನೊಬ್ಬ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಮುದುಕಿ ತೀರಿಹೋಗಿದ್ದಳು. ಗುಡಿಯಾದದ್ದಕ್ಕೆ ನನ್ನ ತಕರಾರಿಲ್ಲ. ದೇವಿಗೆ ಕೈ ಮುಗಿದೇ ಬಂದೆ. ಆದರೆ ಅಲ್ಲಿ ಗಂಜಿಗಾಗಿ ಬಂದು ಸತ್ತವರನ್ನು ನಾನು ಎರಡನೆಯ ಸಲ ಹೂಳಿದ್ದೆ. ಕನ್ನಡ ಬಾರದ ಅಧಿಕಾರಿಯೊಬ್ಬ ಈ ಕೆಲಸ ಮಾಡಿದ್ದರೆ ಇದೇ ವೇದಿಕೆಯ ಮೇಲೆ ನಿಂತು ಅವನನ್ನು ಖಂಡಿಸಿ ನಾನೇ ಭಾಷಣ ಮಾಡುತ್ತಿದ್ದೆನೇನೋ.

ಲಕಾಡಾದ ಮೇಲೆ ಕುಳಿತವನಿಗೆ ಅಂದು ಮುಂದಕ್ಕೆ ನಡೆಯುವ ಉತ್ಸಾಹ ಉಳಿಯಲಿಲ್ಲ. ಹ್ಯಾಮಿಲ್ಟನ್ಸ್ ಸೀಟ್ ಎಂಬ ನೋಟದ ಸ್ಥಳದವರೆಗೆ ಹೋಗಿ, ಹಿಂದಕ್ಕೆ ತಿರುಗಿದೆ. ಕೆಳಗೆ ಬಂಡೆಗಳ ನಡುವೆ ಕಡಲಹಕ್ಕಿಗಳು ಗಾಳಿಗೆ ರೆಕ್ಕೆ ಚಾಚಿ ಅಲುಗಾಡದೆ ತೇಲುತ್ತಿದ್ದವು. ಮೂರು ಗಂಟೆಗೇ ಬೆಳಕು ಹಳದಿಗೆ ತಿರುಗಿತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಚಹಾ ಕುಡಿಯುತ್ತ ಅಲ್ಲಿದ್ದ ವೃತ್ತಪತ್ರಿಕೆಯನ್ನು ತಿರುವುತ್ತ ಕುಳಿತೆ. ಅದೇ ಡಿಸೆಂಬರ್ 6ರಂದು ಐರಿಷ್ ಭಾಷೆಗೆ ಉತ್ತರ ಐರ್ಲೆಂಡಿನಲ್ಲಿ ಅಧಿಕೃತ ಮಾನ್ಯತೆ ನೀಡುವ ಕಾಯ್ದೆಗೆ ದೊರೆಯ ಅಂಕಿತ ಬಿದ್ದಿತ್ತು. ನ್ಯಾಯಾಲಯಗಳಲ್ಲಿ ಇಂಗ್ಲಿಷನ್ನುಳಿದು ಬೇರೆ ಭಾಷೆ ಸಲ್ಲದೆಂಬ 1737ರ ಶಾಸನವನ್ನು ತೆಗೆದುಹಾಕುವುದೂ ಅದರಲ್ಲಿ ಸೇರಿದೆ. ಬೆಲ್‌ಫಾಸ್ಟ್ ನಗರಸಭೆಯೂ ಅದೇ ವರ್ಷ, ಬೀದಿಯ ನಿವಾಸಿಗಳಲ್ಲಿ ಶೇಕಡಾ 15ರಷ್ಟು ಮಂದಿ ಬಯಸಿದರೆ ಆ ಬೀದಿಗೆ ದ್ವಿಭಾಷಾ ಫಲಕ ಹಾಕಬಹುದೆಂಬ ನೀತಿಯನ್ನು ಒಪ್ಪಿತ್ತು. 2021ರ ಜನಗಣತಿಯಲ್ಲಿ ಅಲ್ಲಿಯ ಜನರಲ್ಲಿ ಶೇಕಡಾ 12ರಷ್ಟು ಮಂದಿ ತಮಗೆ ಐರಿಷ್ ಸ್ವಲ್ಪವಾದರೂ ಬರುತ್ತದೆಂದು ಬರೆಸಿದ್ದರು. ದಿನನಿತ್ಯ ಆಡುವವರು ಶೇಕಡಾ ಎರಡೂವರೆಗಿಂತ ಕಡಿಮೆ. ಪಟ್ಟಣದ ಜನ ಶಾಲೆಗಳಲ್ಲಿ, ಸಂಜೆಯ ತರಗತಿಗಳಲ್ಲಿ ಕಲಿತು ಮತ್ತೆ ಪಡೆಯುತ್ತಿರುವ ಭಾಷೆ ಅದು. ಅವರ ಹಟಕ್ಕೆ ನನ್ನ ಗೌರವವಿದೆ. ಆದರೆ ಕಾಯ್ದೆ ಬಂದದ್ದು ಆ ಕಡಲಂಚಿನ ಕೊನೆಯ ಅಜ್ಜಿ ಹೋಗಿ ನಾಲ್ಕು ದಶಕ ಕಳೆಯುತ್ತ ಬಂದ ಮೇಲೆ.

ನಮ್ಮ ತಾಯ್ನಾಡಿನಲ್ಲಿಯೂ ನಾಮಫಲಕಗಳಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂಬ ಕಾನೂನು 2024ರಲ್ಲಿ ಬಂದಿತು. ನಾನದನ್ನು ಸ್ವಾಗತಿಸುತ್ತೇನೆ. ಹೊರನಾಡಿನಲ್ಲಿ ಅಂತಹ ಕಾನೂನಿನ ಆಸರೆ ನಮಗಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ರಾಜ್ಯಗಳಿಗೆ ಹೇಳುತ್ತದೆ. ಆ ಅನುಕೂಲವನ್ನು ಕೇಳಿ ಪಡೆಯಬೇಕಾದ ನಾವು ನಮ್ಮ ಮಕ್ಕಳನ್ನು ಎಲ್ಲಿ ಸೇರಿಸಿದೆವು? ನಮ್ಮ ಬಡಾವಣೆಯಲ್ಲಿ ನಡೆದು ನೋಡಿ: ಗೇಟಿನ ಮೇಲೆ ಕಾವೇರಿ, ಶರಾವತಿ, ಸಂಪಿಗೆ, ನಂದಾದೀಪ. ನನ್ನ ಮನೆಯ ಗೇಟಿಗೂ ಹಿತ್ತಾಳೆಯ ಕನ್ನಡ ಅಕ್ಷರಗಳಿವೆ. ದಸರೆಗೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತೇನೆ. ಆ ಗೇಟನ್ನು ತೆರೆದುಕೊಂಡೇ ದಿನವೂ ಶಾಲೆಗೆ ಹೋದ ನನ್ನ ಮಗಳಿಗೆ ಆ ಅಕ್ಷರಗಳನ್ನು ಓದಲು ಬರುವುದಿಲ್ಲ. ಮನೆಯಲ್ಲಿ ಚೆನ್ನಾಗಿ ಕನ್ನಡ ಆಡುತ್ತಾಳೆ, ಓದಲಾರಳು. ಡೆಹರಾಡೂನ್, ಹೈದರಾಬಾದ್ ಎಂದು ವರ್ಗವಾದಾಗಲೆಲ್ಲ "ಮುಂದಿನ ವರ್ಷ ಕಲಿಸೋಣ" ಎಂದವನು ನಾನು. ವರ್ಷಗಳು ಮುಗಿದವು. ಅವಳು ಳಕಾರಕ್ಕೆ ಅಕ್ಷರವಿಲ್ಲ ಎಂದಾಗ ನನಗೆ ಬಂದ ಕೋಪ ಯಾರ ಮೇಲಿನದು ಎಂಬುದು ಆ ಚಹಾದ ಮೇಜಿನ ಮುಂದೆ ನನಗೆ ತಿಳಿಯಿತು.

ನಾಲ್ಕು ಗಂಟೆಗೆ ಸೂರ್ಯ ನೈಋತ್ಯದ ಹುಲ್ಲುಗಾವಲಿನಾಚೆ ಇಳಿದ. ಕತ್ತಲಲ್ಲಿ ಬಸ್ಸು, ರೈಲು ಹಿಡಿದು ರಾತ್ರಿ ಮನೆ ಸೇರಿದೆ. ಮಗಳು ತೊಟ್ಟಿಲು ತೂಗುತ್ತಿದ್ದಳು. ದೈತ್ಯನ ಕಥೆ ಹೇಳಿ ನಗಿಸಿದೆ. ಆಮೇಲೆ ಗಂಜಿಕಟ್ಟೆಯ ಕಥೆ ಹೇಳಿದೆ, ಅವಳು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ತಿದ್ದುವುದಕ್ಕೆ ಆಗುವುದಿಲ್ಲವೇ ಅಪ್ಪಾ?" ಎಂದು ಕೇಳಿದಳು.

ಭಾರತಕ್ಕೆ ಹಿಂತಿರುಗಿದ ಮೇಲೆ 2023ರಲ್ಲಿ ತಿದ್ದುಪಡಿಗೆ ಟಿಪ್ಪಣಿ ಬರೆದೆ. ನನ್ನ ಸಹಿಯಿಂದಾದ ತಪ್ಪು ಎಂದೇ ಬರೆದೆ. ಸ್ಥಳೀಯ ದಾಖಲೆಯ ಪುರಾವೆ ಬೇಕೆಂಬ ನಿಯಮವಿದೆ, ಅದು ಸರಿಯಾದ ನಿಯಮವೂ ಹೌದು. ವಿಚಾರಿಸಿದಾಗ ಸ್ಥಳೀಯ ದಾಖಲೆಯಲ್ಲಿಯೂ ಈಗ ಗಂಗಿಕಟ್ಟೆ ಎಂದೇ ಇದೆ. ಅವರು ನಕ್ಷೆ ನೋಡಿ ಬರೆದುಕೊಂಡಿದ್ದಾರೆ. ಕಡತ ನಡೆಯುತ್ತಿದೆ. ನಿವೃತ್ತಿಗೆ ಮೊದಲು ಮುಗಿಯಲಿ ಎಂಬುದು ನನ್ನ ಹರಕೆ. ಊರಿನ ಶಾಲೆಯ ಮೇಷ್ಟರಿಗೆ ಮುದುಕಿಯ ಮಾತನ್ನು ಬರೆದು ಕಳುಹಿಸಿದ್ದೇನೆ. ಮಕ್ಕಳಿಗೆ ಹೇಳುತ್ತೇನೆಂದು ಉತ್ತರ ಬರೆದಿದ್ದಾರೆ.

ಮೊಮ್ಮಗಳ ಹೆಸರಿನ ವಿಷಯ. ನೋಂದಣಿಯಲ್ಲಿ ಸುಲಭವಾದ ಹೆಸರೊಂದು ಇದೆ, ನಾನು ಒಪ್ಪಿಕೊಂಡೆ. ಮನೆಯಲ್ಲಿ ಕರೆಯುವುದಕ್ಕೆ ಮುತ್ತಜ್ಜಿಯ ಹೆಸರು. ಅದು ಯಾವ ಕಾಗದದಲ್ಲಿಯೂ ಇಲ್ಲ. ನಾವು ಕರೆಯುವವರೆಗೆ ಇರುತ್ತದೆ, ಬಿಟ್ಟ ದಿನ ಹೋಗುತ್ತದೆ. ಮಗುವಿಗೆ ಈಗ ಎರಡು ವರ್ಷ ತುಂಬಿದೆ. ಪ್ರತಿ ಭಾನುವಾರ ಫೋನಿನಲ್ಲಿ ಅಜ್ಜಿ ಅವಳನ್ನು ಆ ಹೆಸರಿನಿಂದ ಕರೆಯುತ್ತಾಳೆ, ಅವಳು ತಿರುಗಿ ಹೇಳುತ್ತಾಳೆ. ಮಗಳೂ ಅದೇ ಹೊತ್ತಿಗೆ ಒಂದು ಹಾಳೆಯ ಮೇಲೆ ಅ, ಆ ಬರೆದು ನನಗೆ ತೋರಿಸುತ್ತಾಳೆ. ಮೂವತ್ತರ ಹರೆಯದ ವಿದ್ಯಾರ್ಥಿನಿ. ವರ್ಗೀಯ ವ್ಯಂಜನಗಳು ಮುಗಿದಿವೆ.

ಮೊಮ್ಮಗಳ ಬಾಯಲ್ಲಿ ಳಕಾರ ಇನ್ನೂ ಲಕಾರವಾಗಿಯೇ ಹೊರಡುತ್ತದೆ. ಎರಡು ವರ್ಷದ ಮಕ್ಕಳಿಗೆ ಎಲ್ಲ ಕಡೆಯೂ ಹಾಗೆಯೇ ಎಂದು ಮಡದಿ ಸಮಾಧಾನ ಹೇಳುತ್ತಾಳೆ. ನಾವು ಕಾಯುತ್ತಿದ್ದೇವೆ.